ಬಣ್ಣದ ಗೆರೆ ರಸ್ತೆಯ ಜಾಗ ಕಾಯುವುದಿಲ್ಲ: ವಲಯ ನಿಯಮಾವಳಿ ತಿದ್ದುವವರಿಗೊಂದು ಬಹಿರಂಗ ಪತ್ರ

ಇವರಿಗೆ,
ನಗರಾಭಿವೃದ್ಧಿ ಇಲಾಖೆ, ಕರ್ನಾಟಕ ಸರ್ಕಾರ;
ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆ;
ಹಾಗೂ ರಾಜ್ಯದ ಎಲ್ಲ ಯೋಜನಾ ಪ್ರಾಧಿಕಾರಗಳ ಆಯುಕ್ತರು

ವಿಷಯ: ಮಹಾಯೋಜನೆಯಲ್ಲಿ ಗುರುತಿಸಿದ ಮುಂದಿನ ರಸ್ತೆಗಳ ಜಾಗ ಉಳಿಸಿಕೊಳ್ಳಲು ವಲಯ ನಿಯಮಾವಳಿಯಲ್ಲಿ ಆಗಬೇಕಾದ ಬದಲಾವಣೆ

ಮಾನ್ಯರೇ,

ಮಹಾಯೋಜನೆಯ (ಮಾಸ್ಟರ್ ಪ್ಲಾನ್) ನಕ್ಷೆ ಬಿಡಿಸಿಟ್ಟರೆ ಊರಿನ ಸುತ್ತಲೂ ಉದ್ದೇಶಿತ ರಸ್ತೆಗಳ ಗೆರೆಗಳು ಕಾಣುತ್ತವೆ: 18 ಮೀಟರ್, 24, 30, ವರ್ತುಲ ರಸ್ತೆಯಾದರೆ 45. ಅದೇ ಗೆರೆ ಹಿಡಿದು ನೆಲದ ಮೇಲೆ ನಡೆಯಲು ಹೋದರೆ ಅಡ್ಡ ಸಿಗುವುದು ಮನೆ, ಗೋದಾಮು, ಕಲ್ಯಾಣ ಮಂಟಪ. ಅವೆಲ್ಲ ಕದ್ದು ಕಟ್ಟಿದವಲ್ಲ. ಹಲವರ ಕೈಯಲ್ಲಿ ಯಾವುದೋ ಒಂದು ಸರ್ಕಾರಿ ಕಚೇರಿಯ ಮುದ್ರೆ ಬಿದ್ದ ಕಾಗದ ಇದೆ. ಒಂದು ಕಚೇರಿ ಎಳೆದ ಗೆರೆ ಪಕ್ಕದ ಕಚೇರಿಯ ಕಣ್ಣಿಗೆ ಬೀಳುವುದೇ ಇಲ್ಲ. ಯಾವ ಜಾಗದಲ್ಲಿ ಏನು ಕಟ್ಟಬಹುದು ಎಂದು ಹೇಳುವ ವಲಯ ನಿಯಮಾವಳಿಯ ಪರಿಷ್ಕರಣೆ ಅಲ್ಲಿಂದ ಶುರುವಾಗಬೇಕು ಎಂಬುದು ರಸ್ತೆ ವಿನ್ಯಾಸ, ಭೂಮಾಪನ, ನಗರ ಯೋಜನೆಗಳ ಕೆಲಸ ಬಲ್ಲ ನಮ್ಮ ಅಭಿಪ್ರಾಯ.

ಜಾಗದ ಲೆಕ್ಕ ಮೊದಲು ನೋಡೋಣ. 30 ಮೀಟರ್ ಅಗಲದ ರಸ್ತೆಗೆ ಒಂದು ಕಿಲೋಮೀಟರಿಗೆ 3 ಹೆಕ್ಟೇರ್, ಅಂದರೆ 7 ಎಕರೆ 16 ಗುಂಟೆಗಿಂತ ತುಸು ಹೆಚ್ಚು ಬೇಕು. 24 ಮೀಟರಿಗಾದರೆ 5 ಎಕರೆ 37 ಗುಂಟೆ, 45 ಮೀಟರಿಗಾದರೆ 11 ಎಕರೆ 5 ಗುಂಟೆ. ಆ 7 ಎಕರೆ ಹೊಲವಾಗಿದ್ದಾಗ ಐದಾರು ಕುಟುಂಬಗಳ ಜೊತೆ ಕೂತು ಮಾತಾಡಿದರೆ ಮುಗಿಯಬಹುದು. ಅದೇ ಜಾಗ 30×40ರ ನಿವೇಶನಗಳಾಗಿ ಒಡೆದರೆ ಒಳರಸ್ತೆ ಕಳೆದು ನೂರೈವತ್ತರ ಆಸುಪಾಸು ಮಾಲೀಕರು ಹುಟ್ಟುತ್ತಾರೆ. 2013ರ ಭೂಸ್ವಾಧೀನ ಕಾಯ್ದೆಯಂತೆ ಜಮೀನಿನ ಮಾರುಕಟ್ಟೆ ಬೆಲೆಗೆ ಗ್ರಾಮಾಂತರದಲ್ಲಿ ಗುಣಕವೂ ಸೇರುತ್ತದೆ. ಕಟ್ಟಡ, ಮರಗಳ ಮೌಲ್ಯ ಪ್ರತ್ಯೇಕ. ಈ ಮೊತ್ತದ ಮೇಲೆ ನೂರಕ್ಕೆ ನೂರು ಸೊಲೇಷಿಯಂ, ಅಂದರೆ ಬಲವಂತದ ಸ್ವಾಧೀನಕ್ಕೆ ಕೊಡುವ ಸಾಂತ್ವನ ಮೊತ್ತ. ಹಾಗಾಗಿ ಗೆರೆಯೊಳಗೆ ಏಳುವ ಪ್ರತಿ ಆರ್‌ಸಿಸಿ ಮನೆಯ ಬೆಲೆಯನ್ನು ಸರ್ಕಾರ ದುಪ್ಪಟ್ಟು ತೆರುತ್ತದೆ, ಮನೆ ಕಟ್ಟಿದವರು ಸೂರು ಕಳೆದುಕೊಳ್ಳುತ್ತಾರೆ. ಇಬ್ಬರಿಗೂ ನಷ್ಟವಾಗುವ ಈ ವ್ಯವಹಾರಕ್ಕೆ ಅನುಮತಿ ಕೊಟ್ಟವರು ಮಾತ್ರ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಈ ಮನೆಗಳು ಒಳಗೆ ಬರುವ ಬಾಗಿಲುಗಳು ಗೊತ್ತಿರುವಂಥವೇ. ಗ್ರಾಮ ಪಂಚಾಯಿತಿಯ ಖಾತೆಯ ಮೇಲೆ ಮಾರಾಟವಾಗುವ ರೆವಿನ್ಯೂ ನಿವೇಶನ ಒಂದು. ಬಡಾವಣೆ ಎಂದು ಅರ್ಜಿ ಹಾಕಿದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಕಲಂ ಅಡಿ ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯಕ್ಕೆ ಜಾಗ ಬಿಡಬೇಕಾಗುತ್ತದೆಂದು ಅದೇ ಜಮೀನನ್ನು ತುಂಡು ಮಾಡಿ ತರುವ ಏಕ ನಿವೇಶನ ಅನುಮೋದನೆ ಇನ್ನೊಂದು. ಗೆರೆ ಬರುವ ಮೊದಲೇ ಆದ ಭೂಪರಿವರ್ತನೆ ಆದೇಶ ಮೂರನೆಯದು. 'ನನಗೆ ಡಿಸಿ ಆದೇಶವೇ ಇದೆ' ಎಂಬ ವಾದಕ್ಕೆ ಕೌಂಟರಿನಲ್ಲಿ ಉತ್ತರ ಇರುವುದಿಲ್ಲ. ಕೊನೆಯದು ಗುಂಟೆ ಲೆಕ್ಕದ ಕ್ರಯಪತ್ರ. ಸಬ್ ರಿಜಿಸ್ಟ್ರಾರ್ ಕಚೇರಿಯ ತಂತ್ರಾಂಶಕ್ಕೆ ಉದ್ದೇಶಿತ ರಸ್ತೆ ಎಂಬುದೊಂದು ಇದೆ ಎಂದೇ ತಿಳಿಯದಿದ್ದರೆ ನೋಂದಣಿ ನಿಲ್ಲುವುದಾದರೂ ಹೇಗೆ? ಭೂಸ್ವಾಧೀನದ ಪ್ರಾಥಮಿಕ ಅಧಿಸೂಚನೆ ಹೊರಬಿದ್ದ ಮೇಲೆ ವ್ಯವಹಾರಕ್ಕೆ ಕಾನೂನಿನ ತಡೆ ಬರುತ್ತದೆ, ನಿಜ. ಆದರೆ ಮಹಾಯೋಜನೆಗೂ ಆ ಅಧಿಸೂಚನೆಗೂ ನಡುವೆ ಹಲವು ವರ್ಷಗಳು ಬಿದ್ದಿರುತ್ತವೆ. ಆ ಅವಧಿಯನ್ನು ಕಾಯಬೇಕಾದದ್ದು ವಲಯ ನಿಯಮಾವಳಿ.

ಈಗ ಗೆರೆಯ ವಿಚಾರ. 1:10,000 ಅಳತೆಯ ನಕ್ಷೆಯಲ್ಲಿ 30 ಮೀಟರ್ ರಸ್ತೆ 3 ಮಿಲಿಮೀಟರ್ ಮಾತ್ರ. ಅರ್ಧ ಮಿಲಿಮೀಟರ್ ದಪ್ಪದ ಗೆರೆಯೇ ನೆಲದ ಮೇಲೆ 5 ಮೀಟರ್. ಅಷ್ಟು ಅತ್ತಿತ್ತ ಸರಿದರೆ ಒಂದು ಕಿಲೋಮೀಟರಿನಲ್ಲಿ ಒಂದು ಎಕರೆಗೂ ಹೆಚ್ಚು ಜಾಗ ಯಾರದೆಂಬುದು ಅದಲುಬದಲಾಗುತ್ತದೆ. ಇದಕ್ಕೆ ಗ್ರಾಮ ನಕ್ಷೆಯ ದೋಷ ಸೇರಿಕೊಳ್ಳುತ್ತದೆ. 33 ಅಡಿ ಸರಪಳಿ ಎಳೆದು ಅಳೆದ ಕಾಲದ ಟಿಪ್ಪಣಿಯಿಂದ ಬಂದ ಹದ್ದನ್ನು ಉಪಗ್ರಹ ಚಿತ್ರದ ಮೇಲೆ ಹಾಸಿದಾಗ ಬದುಗಳು ಹೊಂದುವುದಿಲ್ಲ. ಹಾಗಿದ್ದೂ ಪರದೆಯ ಮೇಲೆ ಎರಡು ಪದರ ಹೊಂದಿಸಿ ನಿಮ್ಮ ಸರ್ವೆ ನಂಬರ್ ರಸ್ತೆಗೆ ಹೋಗುತ್ತದೆ, ನಿಮ್ಮದು ಹೋಗುವುದಿಲ್ಲ ಎಂದು ಹಿಂಬರಹ ಕೊಡುವ ರೂಢಿ ಬೆಳೆದಿದೆ. ಎರಡು ಬಾರಿ ಕೇಳಿದರೆ ಎರಡು ಉತ್ತರ ಬರುವುದು ಇದರಿಂದಲೇ. ಎಲ್ಲಕ್ಕೂ ಲಂಚವನ್ನೇ ದೂರಬೇಕಿಲ್ಲ.

ಆದ್ದರಿಂದ ನಿಯಮಾವಳಿಯಲ್ಲಿ ಮೊದಲು ಬರಬೇಕಾದ ಮಾತು: ನಕ್ಷೆಯ ಬಣ್ಣದ ಗೆರೆ ಸೂಚನೆ ಮಾತ್ರ, ಕಾಯ್ದಿರಿಸಿದ ಜಾಗ ಅಂದರೆ ಸರ್ವೆ ನಂಬರುವಾರು ಪಟ್ಟಿ. ರಸ್ತೆಯ ಮಧ್ಯರೇಖೆಯನ್ನು ನೇರ ಭಾಗದಲ್ಲಿ ಪ್ರತಿ 50 ಮೀಟರಿಗೆ, ತಿರುವಿನಲ್ಲಿ ಪ್ರತಿ 20 ಮೀಟರಿಗೆ ಅಕ್ಷಾಂಶ ರೇಖಾಂಶ ಸಹಿತ ಗೊತ್ತುಮಾಡಬೇಕು. ಉಪಗ್ರಹ ಸಂಕೇತದಿಂದ ಸ್ಥಾನವನ್ನು ಕರಾರುವಾಕ್ಕಾಗಿ ತಿಳಿಸುವ ಸರ್ವೆ ಆಫ್ ಇಂಡಿಯಾದ ಸ್ಥಿರ ಕೇಂದ್ರಗಳ ಕಾರ್ಸ್ ಜಾಲ ರಾಜ್ಯದಲ್ಲಿರುವುದರಿಂದ ಕೆಲವೇ ಸೆಂಟಿಮೀಟರ್ ವ್ಯತ್ಯಾಸದೊಳಗೆ ಇದು ಸಾಧ್ಯ. ಆಮೇಲೆ ಭೂದಾಖಲೆಗಳ ಇಲಾಖೆಯ ಸರ್ವೆಯರ್ ಜೊತೆ ಸ್ಥಳಕ್ಕೆ ಹೋಗಿ ಹದ್ದುಬಸ್ತು ಕಲ್ಲುಗಳನ್ನು ಅದೇ ಉಪಕರಣದಿಂದ ಅಳೆದು, ಗೆರೆ ಯಾವ ಹಿಸ್ಸಾದಲ್ಲಿ ಎಷ್ಟು ಗುಂಟೆ ತಿನ್ನುತ್ತದೆ ಎಂದು 11ಇ ಮಾದರಿಯ (ಜಮೀನಿನ ಭಾಗವನ್ನು ಬೇರ್ಪಡಿಸಿ ತೋರಿಸುವ) ಸರ್ವೆ ನಕ್ಷೆ ತಯಾರಾಗಬೇಕು. ಪಟ್ಟಿಯಲ್ಲಿ ಸರ್ವೆ ನಂಬರ್, ಹಿಸ್ಸಾ, ಒಟ್ಟು ವಿಸ್ತೀರ್ಣ, ರಸ್ತೆಗೆ ಹೋಗುವ ವಿಸ್ತೀರ್ಣ, ಅ ಖರಾಬು (ಸಾಗುವಳಿಗೆ ಬಾರದ ಜಾಗ) ಬ ಖರಾಬು (ದಾರಿ, ಹಳ್ಳದಂಥ ಸಾರ್ವಜನಿಕ ಜಾಗ) ಬೇರೆ ಬೇರೆಯಾಗಿ, ಆ ದಿನ ಅಲ್ಲಿರುವ ಕಟ್ಟಡ, ಬಾವಿ, ಮರ, ಫೋಟೊ. ಆ ಫೋಟೊಗೆ ಬಹಳ ಬೆಲೆಯಿದೆ. ಮುಂದೆ 'ಇದು ಮೊದಲೇ ಇತ್ತು' ಎಂಬ ತಕರಾರು ಬಂದಾಗ ಬೇರೆ ಸಾಕ್ಷಿ ಇರುವುದಿಲ್ಲ. ಪೋಡಿಯಾಗದ, ಅಂದರೆ ಪಾಲುವಾರು ಅಳೆದು ಬೇರ್ಪಡಿಸದ ಜಮೀನುಗಳಲ್ಲಿ ಈ ಕೆಲಸ ಎಡವುತ್ತದೆ. ಒಂದೇ ಸರ್ವೆ ನಂಬರಿನಲ್ಲಿ ಹನ್ನೆರಡು ಹೆಸರಿದ್ದು ಯಾರ ಪಾಲು ಎಲ್ಲಿದೆ ಎಂದು ದಾಖಲೆ ಹೇಳದಿದ್ದರೆ ಗೆರೆ ಹಾಯುವ ನಂಬರುಗಳಿಗಷ್ಟೇ ಆದ್ಯತೆಯ ಪೋಡಿ ಮಾಡಿಸುವುದು ಸರಿಯಾದ ದಾರಿ. ಇಡೀ ಗ್ರಾಮದ ಪೋಡಿ ಮುಗಿಯಲಿ ಎಂದು ಕೂತರೆ ರಸ್ತೆಯ ಕಥೆ ಮುಗಿದಂತೆ.

ಗೆರೆ ಎಲ್ಲಿ ಹಾಯಬೇಕು ಎಂಬುದರಲ್ಲೂ ಒಂದು ಕೆಟ್ಟ ಚಾಳಿ ಇದೆ. ಕೆರೆಯಂಗಳ, ರಾಜಕಾಲುವೆ, ಗೋಮಾಳದ ಮೇಲೆ ಗೆರೆ ಎಳೆಯುವುದು ಸುಲಭ, ಆಕ್ಷೇಪಣೆ ಹಾಕಲು ಅಲ್ಲಿ ಮಾಲೀಕನಿಲ್ಲ. ಪ್ರಭಾವಿಗಳ ಬಡಾವಣೆ ಎದುರಾದ ಕಡೆ ಗೆರೆ ತಾನಾಗಿ ಡೊಂಕಾಗುತ್ತದೆ. ಡೊಂಕಿಗೂ ಮಿತಿ ಉಂಟು: ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಂತೆ ಬಯಲು ನೆಲದಲ್ಲಿ ಗಂಟೆಗೆ 80 ಕಿ.ಮೀ. ವೇಗದ ರಸ್ತೆಗೆ ತಿರುವಿನ ತ್ರಿಜ್ಯ 230 ಮೀಟರಿಗೂ, 100 ಕಿ.ಮೀ. ವೇಗಕ್ಕೆ 360 ಮೀಟರಿಗೂ ಕಡಿಮೆ ಇರಬಾರದು. ಪ್ರತಿ ತಿರುವಿನ ತ್ರಿಜ್ಯವನ್ನು ಪಟ್ಟಿಯಲ್ಲೇ ಪ್ರಕಟಿಸಿದರೆ ಯಾರ ಜಮೀನು ತಪ್ಪಿಸಲು ರಸ್ತೆ ಬಾಗಿತು ಎಂಬುದು ಓದಿದವರಿಗೆ ತಿಳಿಯುತ್ತದೆ. ಆ ಒಂದು ಅಂಕಣಕ್ಕೆ ಅಂಜಿಯೇ ಹಲವು ಗೆರೆಗಳು ನೇರವಾದಾವು.

ಅಗಲದ ಬಗ್ಗೆ ಎರಡು ತಪ್ಪುಗಳು ಜೊತೆಯಾಗಿ ನಡೆಯುತ್ತವೆ: ಉದ್ದಕ್ಕೂ ಬೇಕಾದ್ದಕ್ಕಿಂತ ಹೆಚ್ಚು ಹಿಡಿಯುವುದು, ಕೂಡುರಸ್ತೆಯಲ್ಲಿ ಬೇಕಾದಷ್ಟೂ ಹಿಡಿಯದಿರುವುದು. ಎರಡು ಕೂಡುರಸ್ತೆಗಳ ನಡುವೆ 30 ಮೀಟರ್ ಸಾಕಾಗುವ ರಸ್ತೆಗೂ ಮೇಲ್ಸೇತುವೆ ಬರುವ ಕಡೆ ಅದು ಸಾಲದು. ವಾಹನಗಳಿಗೆ 5.5 ಮೀಟರ್ ಎತ್ತರ ಬಿಟ್ಟು ಮೇಲೆ ತೊಲೆ, ಹಾಸಿನ ದಪ್ಪ 2 ಮೀಟರ್ ಹಿಡಿದರೆ ಏರಬೇಕಾದ್ದು 7.5 ಮೀಟರ್. 30ಕ್ಕೆ 1ರ ಇಳಿಜಾರಿನಲ್ಲಿ ಅದಕ್ಕೇ 225 ಮೀಟರ್ ಉದ್ದ ಬೇಕು. ಏರಿನ ಬುಡ ಮತ್ತು ತಲೆಯ ತಿರುವು ಸೇರಿದರೆ ಪ್ರತಿ ಬದಿಗೆ 300 ಮೀಟರಿನ ಹತ್ತಿರ. ಅಷ್ಟು ಉದ್ದಕ್ಕೂ ನಾಲ್ಕು ಪಥದ ಸೇತುವೆಗೆ 17 ಮೀಟರ್, ಎರಡೂ ಪಕ್ಕದ ಸೇವಾ ರಸ್ತೆಗೆ 15, ಚರಂಡಿ ಮತ್ತು ಪಾದಚಾರಿ ಮಾರ್ಗಕ್ಕೆ 6, ಒಟ್ಟು 38. ನೀರಿನ ಕೊಳವೆ, ವಿದ್ಯುತ್ ಕೇಬಲ್ಲಿಗೆ ಜಾಗ ಸೇರಿಸಿದರೆ 45 ಮೀಟರ್ ಬೇಕೇ ಬೇಕು. ಹಾಗಾಗಿ ಮುಂದೊಂದು ದಿನ ಮೇಲ್ಸೇತುವೆ ಬರಬಹುದಾದ ಕೂಡುರಸ್ತೆಗಳನ್ನು ಹೆಸರಿಸಿ, ಅಲ್ಲಿ ಮಾತ್ರ ಎರಡೂ ಬದಿಗೆ 300 ಮೀಟರ್ ಉದ್ದ 45 ಮೀಟರ್ ಅಗಲ ಹಿಡಿದು ಉಳಿದೆಡೆ 30ಕ್ಕೆ ಬಿಡಿ. ಸಣ್ಣ ಕೂಡುರಸ್ತೆಗಳಲ್ಲಿ ಮೂಲೆ ನಿವೇಶನದ ತುದಿಯನ್ನು ಕತ್ತರಿಸಿ ಬಿಡಿಸಿದರೂ ನೋಟ ತೆರೆದುಕೊಳ್ಳುತ್ತದೆ. ಮೋರಿ, ಸೇತುವೆ ಬರುವಲ್ಲಿ ಏರಿಯ ಇಳಿಜಾರಿನ ಬುಡದವರೆಗೆ ಜಾಗ ಬೇಕಾಗುವುದನ್ನೂ ಮರೆಯುವಂತಿಲ್ಲ. 3 ಮೀಟರ್ ಎತ್ತರದ ಮಣ್ಣಿನ ಏರಿಗೆ 2ಕ್ಕೆ 1ರ ಇಳಿಜಾರಿನಲ್ಲಿ ಪ್ರತಿ ಪಕ್ಕ 6 ಮೀಟರ್ ಹೆಚ್ಚುವರಿ.

ಹೆದ್ದಾರಿಗಳಿಗೆ ಇಂಥ ವ್ಯವಸ್ಥೆ ಕಾಗದದ ಮೇಲೆ ಮೊದಲಿನಿಂದಲೂ ಇದೆ. 1964ರ ಕರ್ನಾಟಕ ಹೆದ್ದಾರಿಗಳ ಕಾಯ್ದೆಯಲ್ಲಿ ಕಟ್ಟಡ ರೇಖೆ (ಇದರೊಳಗೆ ಕಟ್ಟುವಂತಿಲ್ಲ), ನಿಯಂತ್ರಣ ರೇಖೆ (ಅಲ್ಲಿಯವರೆಗಿನ ನಿರ್ಮಾಣಕ್ಕೆ ನಿಯಂತ್ರಣ) ಎರಡನ್ನೂ ಗೊತ್ತುಪಡಿಸಬಹುದು. ರಸ್ತೆ ಕಾಂಗ್ರೆಸ್ಸಿನ ಅಳತೆಯಂತೆ ಬಯಲಿನಲ್ಲಿ ರಾಷ್ಟ್ರೀಯ, ರಾಜ್ಯ ಹೆದ್ದಾರಿಗೆ ಜಾಗದ ಅಗಲ 45 ಮೀಟರ್, ಕಟ್ಟಡ ರೇಖೆಗಳ ನಡುವೆ 80, ನಿಯಂತ್ರಣ ರೇಖೆಗಳ ನಡುವೆ 150. ಜಿಲ್ಲಾ ಮುಖ್ಯರಸ್ತೆಗೆ 25, 50, 100. ಇವು ಈಗಾಗಲೇ ಇರುವ ಹೆದ್ದಾರಿಗೆ ಒದಗುತ್ತವೆ. ಇನ್ನೂ ಹುಟ್ಟದ ರಸ್ತೆಗೂ ಕಟ್ಟಡ ರೇಖೆ ಇರಬೇಕು ಎಂಬ ಒಂದು ಸಾಲು ವಲಯ ನಿಯಮಾವಳಿಗೆ ಬೇಕು.

ಗೆರೆಯೊಳಗೆ ಏನು ಮಾಡಬಹುದು ಎಂಬುದನ್ನು ಬಿಡಿಸಿ ಹೇಳದೆ 'ಅಭಿವೃದ್ಧಿ ನಿಷೇಧ' ಎಂದು ಬರೆದರೆ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ, ನ್ಯಾಯವೂ ಅಲ್ಲ. ಬೇಸಾಯ, ಸಸಿಮಡಿ, ತಂತಿಬೇಲಿ, ಬುನಾದಿಯಿಲ್ಲದೆ ಬೋಲ್ಟ್ ಬಿಚ್ಚಿ ಒಯ್ಯಬಹುದಾದ ತಗಡಿನ ಶೆಡ್, ವಾಹನ ನಿಲುಗಡೆ, ಇಷ್ಟಕ್ಕೆ ಅವಕಾಶ ಇರಲಿ. ಆರ್‌ಸಿಸಿ ಕಂಬ, ನೆಲಮಾಳಿಗೆ, ಸಂಪು, ಶೌಚ ಗುಂಡಿ, ಹೊಸ ಕೊಳವೆಬಾವಿ, ಟ್ರಾನ್ಸ್‌ಫಾರ್ಮರ್ ಕಟ್ಟೆ ಬೇಡ. ಸೆಟ್‌ಬ್ಯಾಕನ್ನು (ಕಟ್ಟಡದ ಸುತ್ತ ಬಿಡುವ ಖಾಲಿ ಜಾಗ) ಈಗಿನ ನಿವೇಶನದ ಗಡಿಯಿಂದಲ್ಲ, ಮುಂದಿನ ರಸ್ತೆಯ ಅಂಚಿನಿಂದ ಅಳೆಯಬೇಕು. ಇದನ್ನು ಬರೆಯದಿದ್ದರೆ ಇಂದಿನ ಸೆಟ್‌ಬ್ಯಾಕೇ ನಾಳೆಯ ರಸ್ತೆಯಾಗಿ ಮನೆಯ ಬಾಗಿಲು ಚರಂಡಿಯ ಮೇಲೆ ತೆರೆಯುತ್ತದೆ. ಮುಂದಿನ ರಸ್ತೆಯ ಅಂದಾಜು ಮಟ್ಟವನ್ನೂ ಅನುಮತಿ ಪತ್ರದಲ್ಲಿ ನಮೂದಿಸಿ. ಹಾಗಾದರೆ ತಳಪಾಯ ಎಷ್ಟು ಎತ್ತರಿಸಬೇಕೆಂದು ಕಟ್ಟುವವರಿಗೆ ಮೊದಲೇ ಗೊತ್ತಾಗುತ್ತದೆ, ಆಮೇಲೆ ಮಳೆನೀರು ಒಳಗೆ ನುಗ್ಗಿತೆಂದು ಯಾರೂ ಗೋಳಾಡಬೇಕಿಲ್ಲ.

ಎಫ್‌ಎಆರ್ (ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬ ಅನುಪಾತ) ವಿಚಾರದಲ್ಲಿ ದೊಡ್ಡ ತೂತು ಬೀಳುತ್ತದೆ. ರಸ್ತೆ ಅಗಲವಾದಷ್ಟೂ ಹೆಚ್ಚು ಎಫ್‌ಎಆರ್ ಸಿಗುವುದರಿಂದ, 9 ಮೀಟರ್ ರಸ್ತೆಯ ಬದಿಯ ನಿವೇಶನಕ್ಕೆ ನಕ್ಷೆಯಲ್ಲಿ 30 ಮೀಟರ್ ಎಂದಿದೆ ಎಂದು ತೋರಿಸಿ ಎತ್ತರದ ಕಟ್ಟಡಕ್ಕೆ ಅರ್ಜಿ ಬರುತ್ತದೆ. ಕಟ್ಟಡ ಎದ್ದು ನಿಲ್ಲುತ್ತದೆ, ರಸ್ತೆ 9 ಮೀಟರಿನಲ್ಲೇ ಉಳಿಯುತ್ತದೆ, ವಾಹನಗಳು ಮಾತ್ರ 30 ಮೀಟರಿಗಾಗುವಷ್ಟು. ಎರಡು ಕೂಡುರಸ್ತೆಗಳ ನಡುವಿನ ಇಡೀ ಭಾಗದ ಜಾಗ ಕೈಗೆ ಬರುವವರೆಗೂ ಈಗಿರುವ ಅಗಲವೇ ಲೆಕ್ಕ ಎಂದಿರಲಿ. ಅದಕ್ಕೆ ಪ್ರತಿಯಾಗಿ, ರಸ್ತೆಗೆ ಸಿಕ್ಕ ತನ್ನ ಜಾಗವನ್ನು ನೋಂದಾಯಿತ ಪರಿತ್ಯಾಜನ (ಹಕ್ಕು ಬಿಡುಗಡೆ) ಪತ್ರದ ಮೂಲಕ ಬಿಟ್ಟುಕೊಟ್ಟವರಿಗೆ ಆ ಜಾಗದ ವಿಸ್ತೀರ್ಣವನ್ನೂ ಸೇರಿಸಿ ಎಫ್‌ಎಆರ್ ಲೆಕ್ಕ ಹಾಕಿಕೊಡುವುದು ನ್ಯಾಯ.

ಇನ್ನು ಅವಧಿ. ನಮ್ಮ ಕಳಕಳಿಯೆಲ್ಲ ಸರ್ಕಾರದ ಪರ ಎಂದು ಇಲ್ಲಿಯವರೆಗೆ ಓದಿದವರಿಗೆ ಅನಿಸಿರಬಹುದು. 1961ರ ಯೋಜನಾ ಕಾಯ್ದೆಯ 69ನೇ ಕಲಂ ಹೇಳುವುದು ಇಷ್ಟು: ಮಹಾಯೋಜನೆಯಲ್ಲಿ ಒಂದು ಉದ್ದೇಶಕ್ಕೆ ಗುರುತಿಸಿದ ಜಮೀನನ್ನು 5 ವರ್ಷದೊಳಗೆ ಒಪ್ಪಂದದಿಂದ ಪಡೆಯದಿದ್ದರೆ ಅಥವಾ ಸ್ವಾಧೀನ ಪ್ರಕ್ರಿಯೆ ಶುರು ಮಾಡದಿದ್ದರೆ ಆ ಗುರುತು ತಾನಾಗಿ ರದ್ದಾದಂತೆ. ಅದೇ ಕಾಯ್ದೆ ಮಹಾಯೋಜನೆಯನ್ನು ಕನಿಷ್ಠ 10 ವರ್ಷಕ್ಕೊಮ್ಮೆ ಪರಿಷ್ಕರಿಸಿ ಎನ್ನುತ್ತದೆ. ಬೆಂಗಳೂರಿನ 2015ರ ಪರಿಷ್ಕೃತ ಮಹಾಯೋಜನೆ ಜಾರಿಗೆ ಬಂದದ್ದು 2007ರಲ್ಲಿ. 2031ರ ಕರಡು 2017ರಲ್ಲಿ ಪ್ರಕಟವಾಗಿ ಆಮೇಲೆ ವಾಪಸಾಯಿತು. ಗೆರೆಗಳು ಮಾತ್ರ ನಕ್ಷೆಯಲ್ಲಿ ಹಾಗೇ ಕೂತಿವೆ. ಅವಧಿ ಮೀರಿದ ಗೆರೆ ತೋರಿಸಿ ಅನುಮತಿ ನಿರಾಕರಿಸುವುದು, ಮಾಲೀಕರು ಹೈಕೋರ್ಟಿಗೆ ಹೋಗಿ ಬಿಡಿಸಿಕೊಳ್ಳುವುದು, ಒಬ್ಬೊಬ್ಬರೇ ಹೀಗೆ ಬಿಡಿಸಿಕೊಂಡು ರಸ್ತೆ ಹಲ್ಲು ಉದುರಿದ ಬಾಚಣಿಗೆಯಂತಾಗುವುದು, ಇವೆಲ್ಲ ಇದರ ಫಲ.

ಅದಕ್ಕೆ ಪರಿಹಾರ 5 ವರ್ಷವನ್ನು 20 ಮಾಡುವುದಲ್ಲ. ಬೆಂಗಳೂರಿನ ಪೆರಿಫೆರಲ್ ವರ್ತುಲ ರಸ್ತೆಯನ್ನೇ ನೋಡಿ. ಸುಮಾರು 73 ಕಿ.ಮೀ. ಉದ್ದ, 100 ಮೀಟರ್ ಅಗಲದ ಯೋಜನೆಗೆ ಅಂತಿಮ ಅಧಿಸೂಚನೆ ಬಂದದ್ದು 2007ರಲ್ಲಿ. ಈಗ ಅದರ ಹೆಸರು ಬೆಂಗಳೂರು ಬಿಸಿನೆಸ್ ಕಾರಿಡಾರ್. ಈ ನಡುವೆ ಅಲ್ಲಿನ ರೈತರು ಜಮೀನು ಮಾರಲಾಗದೆ, ಅಡವಿಡಲಾಗದೆ, ಪರಿಹಾರವೂ ಸಿಗದೆ ಕಾದರು. ಒಂದು ತಲೆಮಾರೇ ಕಳೆಯಿತು. ಜಾಗ ಕಾಯುವ ಖರ್ಚನ್ನು ಮಾಲೀಕರ ತಲೆಗೆ ಕಟ್ಟಿದರೆ ಆಗುವುದು ಇದೇ. ಕೊಳ್ಳುವ ಶಕ್ತಿ ಇದ್ದಷ್ಟೇ ಗುರುತಿಸುವುದು ಸರಿಯಾದ ಕ್ರಮ. ನಕ್ಷೆ ಪ್ರಕಟವಾದ ಮೊದಲ ವರ್ಷದಲ್ಲಿ ಸರ್ವೆ ಪಟ್ಟಿ, ಎರಡನೆಯ ವರ್ಷದೊಳಗೆ ಆದ್ಯತೆಯ ವಿಂಗಡಣೆ ಮತ್ತು ಬಜೆಟ್ ಶೀರ್ಷಿಕೆ, ನಾಲ್ಕನೆಯ ವರ್ಷ ಮುಗಿಯುವುದರೊಳಗೆ ಒಪ್ಪಂದ ಅಥವಾ ಪ್ರಾಥಮಿಕ ಅಧಿಸೂಚನೆ. ಐದನೆಯ ವರ್ಷವನ್ನು ಆಕ್ಷೇಪಣೆ, ತಡೆಗಳಿಗೆ ಬಿಟ್ಟುಕೊಳ್ಳಿ. ಆಗದ ಗೆರೆಯನ್ನು ಪ್ರಾಧಿಕಾರವೇ ಮುಂದೆ ಬಂದು ಅಳಿಸಿ, ಅಳಿಸಿದ ಸರ್ವೆ ನಂಬರುಗಳನ್ನು ಪ್ರಕಟಿಸಬೇಕು. ಮಹಾರಾಷ್ಟ್ರದ 1966ರ ಯೋಜನಾ ಕಾಯ್ದೆಯ 127ನೇ ಕಲಂನಲ್ಲಿ ಅವಧಿ ಮುಗಿದ ಮೇಲೆ 'ಕೊಳ್ಳಿ, ಇಲ್ಲವೇ ಬಿಡಿ' ಎಂದು ಮಾಲೀಕರೇ ನೋಟಿಸ್ ಕೊಡುವ ದಾರಿ ಇದೆ. ನಮ್ಮಲ್ಲಿ ಅವಧಿಗೆ ಮೊದಲೇ, ಕಾಯಿಲೆ, ಸಾಲ, ಮಕ್ಕಳ ಓದಿನಂಥ ಕಾರಣಕ್ಕೆ ಮಾರಲೇಬೇಕಾದವರಿಗೆ ಇಂಥ ನೋಟಿಸಿನ ಹಕ್ಕು ಕೊಡಿ, ಅದಕ್ಕೆಂದೇ ಪ್ರಾಧಿಕಾರದಲ್ಲಿ ಒಂದು ನಿಧಿ ಇಡಿ.

ಬಿಟ್ಟುಕೊಟ್ಟ ಜಾಗಕ್ಕೆ ಪ್ರತಿಯಾಗಿ ಬೇರೆಡೆ ಬಳಸಲು ಸಿಗುವ ಅಭಿವೃದ್ಧಿ ಹಕ್ಕು, ಅಂದರೆ ಟಿಡಿಆರ್, ನಮ್ಮ ಯೋಜನಾ ಕಾಯ್ದೆಯ 14-ಬಿ ಕಲಂನಲ್ಲಿದೆ, ಆದರೆ ಅದನ್ನು ನಗದಿನ ಬದಲು ಸಿಗುವ ಭರವಸೆ ಪತ್ರವೆಂದೇ ಜನ ನೋಡುತ್ತಾರೆ. ಜಾಗ ಬಿಟ್ಟುಕೊಟ್ಟ ದಿನವೇ ಪ್ರಮಾಣಪತ್ರ ಕೈಗೆ ಬಂದು, ಎಲ್ಲಿ ಬಳಸಬಹುದು ಎಂಬುದೂ ಅದರಲ್ಲೇ ಇದ್ದರೆ ಸಣ್ಣ ಹಿಡುವಳಿದಾರರು ಒಪ್ಪುತ್ತಾರೆ. ರಸ್ತೆಯ ಭಾಗ ಹೋದ ಮೇಲೆ ಮನೆ ಕಟ್ಟಲಾಗದಷ್ಟು ಸಣ್ಣ ಚೂರು ಉಳಿದರೆ, ಮಾಲೀಕರು ಬಯಸಿದಲ್ಲಿ ಅದನ್ನೂ ಅದೇ ದರಕ್ಕೆ ಪ್ರಾಧಿಕಾರ ತೆಗೆದುಕೊಳ್ಳಬೇಕು. ಅವಿಭಕ್ತ ಕುಟುಂಬದ ಆಸ್ತಿ, ಬ್ಯಾಂಕಿನ ಅಡಮಾನ, 1978ರ ಪಿಟಿಸಿಎಲ್ ಕಾಯ್ದೆ ವ್ಯಾಪ್ತಿಯ, ಪರಿಶಿಷ್ಟರಿಗೆ ಮಂಜೂರಾದ ಜಮೀನು, ಈ ಮೂರನ್ನು ಪತ್ರ ಬರೆಸುವ ಮುನ್ನವೇ ಪರಿಶೀಲಿಸದಿದ್ದರೆ ಬಿಟ್ಟುಕೊಟ್ಟ ಜಾಗ ಹತ್ತು ವರ್ಷದ ಬಳಿಕ ದಾವೆಯಾಗಿ ಮರಳುತ್ತದೆ.

ಇನ್ನೂ ಹೊಲವಾಗಿಯೇ ಇರುವ ಕಡೆ ಇದಕ್ಕಿಂತ ಒಳ್ಳೆಯ ದಾರಿ ನಮ್ಮದೇ ಕಾಯ್ದೆಯ ನಗರ ಯೋಜನಾ ಸ್ಕೀಮ್. ನೂರು ಎಕರೆ ಪ್ರದೇಶದಲ್ಲಿ ಮುಖ್ಯ ರಸ್ತೆಗೆ 8 ಎಕರೆ ಬೇಕಾದರೆ ಗೆರೆಯಡಿ ಸಿಕ್ಕವರಷ್ಟೇ ಪೂರ್ತಿ ಕಳೆದುಕೊಳ್ಳುವ ಬದಲು ಎಲ್ಲರೂ ನೂರಕ್ಕೆ 8 ಬಿಟ್ಟು, ಉಳಿದದ್ದನ್ನು ರಸ್ತೆ ಮುಖವಿರುವ ಚೌಕ ನಿವೇಶನವಾಗಿ ವಾಪಸು ಪಡೆಯುತ್ತಾರೆ. ಅಹಮದಾಬಾದಿನ 76 ಕಿ.ಮೀ. ಸರ್ದಾರ್ ಪಟೇಲ್ ವರ್ತುಲ ರಸ್ತೆಗೆ ಬಹುಪಾಲು ಜಾಗ ಒದಗಿದ್ದು ಇಂಥ ಸ್ಕೀಮುಗಳಿಂದ. ನಮ್ಮಲ್ಲಿ ಅಧ್ಯಾಯ ಪುಸ್ತಕದಲ್ಲಿದೆ, ಕೆಲಸ ಬಲ್ಲ ಸಿಬ್ಬಂದಿ ಪ್ರಾಧಿಕಾರಗಳಲ್ಲಿಲ್ಲ.

ಕೊನೆಗೆ ದಾಖಲೆ. ಸರ್ವೆ ಪಟ್ಟಿ ಸಿದ್ಧವಾದ ದಿನವೇ ಪಹಣಿಯ 11ನೇ ಕಾಲಂನಲ್ಲಿ ನಮೂದಾಗಬೇಕು: ಇಷ್ಟು ಗುಂಟೆ, ಈ ರಸ್ತೆಗೆ, ಈ ದಿನಾಂಕದವರೆಗೆ. 'ಸದರಿ ಸರ್ವೆ ನಂಬರ್ ರಸ್ತೆಗೆ ಒಳಪಟ್ಟಿದೆ' ಎಂದಷ್ಟೇ ಬರೆದರೆ 3 ಗುಂಟೆ ಹೋಗುವ 2 ಎಕರೆಗೂ ಬ್ಯಾಂಕು ಸಾಲ ಕೊಡುವುದಿಲ್ಲ. ದಿನಾಂಕ ದಾಟಿದಾಗ ಯಾರೂ ಅರ್ಜಿ ಕೊಡದೆಯೇ ನಮೂದು ತಾನಾಗಿ ಅಳಿಯುವಂತೆ ಭೂಮಿ ತಂತ್ರಾಂಶದಲ್ಲಿ ಏರ್ಪಾಡು ಬೇಕು. ಅದೇ ಪಟ್ಟಿ ಪಂಚಾಯಿತಿಯ ಇ-ಸ್ವತ್ತು ಮತ್ತು ನೋಂದಣಿಯ ಕಾವೇರಿ ತಂತ್ರಾಂಶಗಳಿಗೂ ಹೋಗಲಿ. ಪಿಡಿಒ ನಮೂನೆ 9 ತೆಗೆಯುವಾಗ, ಸಬ್ ರಿಜಿಸ್ಟ್ರಾರ್ ಕ್ರಯಪತ್ರ ನೋಂದಾಯಿಸುವಾಗ ಪರದೆಯ ಮೇಲೆ ಕಾಣಲಿ. ನೋಂದಣಿ ತಡೆಯುವುದು ಬೇಡ, ಕೊಳ್ಳುವವರಿಗೆ ಲಿಖಿತ ತಿಳಿವಳಿಕೆ ಕೊಟ್ಟು ಸಹಿ ಪಡೆದರೆ ಸಾಕು.

ಇಡೀ ರಾಜ್ಯಕ್ಕೆ ಒಮ್ಮೆಗೇ ಹೊರಡುವುದು ಬೇಡ. ಒಂದು ಮಧ್ಯಮ ಗಾತ್ರದ ಯೋಜನಾ ಪ್ರಾಧಿಕಾರವನ್ನು ಆರಿಸಿ, ಅದರ ಮಹಾಯೋಜನೆಯಲ್ಲಿ 24 ಮೀಟರಿಗಿಂತ ಅಗಲದ, ಇನ್ನೂ ಮುಕ್ಕಾಲು ಪಾಲು ಖಾಲಿ ಇರುವ ಒಂದೇ ರಸ್ತೆಯನ್ನು ತೆಗೆದುಕೊಳ್ಳಿ. ಸರ್ವೆ ಪಟ್ಟಿ, ತಿರುವಿನ ತ್ರಿಜ್ಯ, ಅವಧಿಯ ದಿನಾಂಕ ಸಹಿತ ಕರಡು ಪ್ರಕಟಿಸಿ 60 ದಿನ ಆಕ್ಷೇಪಣೆಗೆ ಇಡಿ. ಕರಡಿನ ಪ್ರತಿ ಆಯಾ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ, ಕನ್ನಡದಲ್ಲಿ, ಎಕರೆ ಗುಂಟೆ ಲೆಕ್ಕದಲ್ಲಿ ಇರಲಿ.

ಇಂತಿ,
ರಸ್ತೆ, ಸರ್ವೆ ಮತ್ತು ನಗರ ಯೋಜನೆಯ ಕೆಲಸದಲ್ಲಿರುವ ಕೆಲವರು